ಜಡಿಮಳೆಯಲ್ಲಿ ಹಕ್ಕಿ ರಕ್ತದ ಸ್ಮಿಯರ್: ನನ್ನ ಅನುಭವ

ಮಲೆನಾಡಿನ ಜುಲೈ ತಿಂಗಳಿನಲ್ಲಿ ಹಕ್ಕಿಯ ರಕ್ತದ ಸ್ಮಿಯರ್, ಅಂದರೆ ಮಲೇರಿಯಾದಂಥ ಪರಾವಲಂಬಿಗಳನ್ನು ಹುಡುಕಲು ಗಾಜಿನ ಮೇಲೆ ತೆಳುವಾಗಿ ಎಳೆದ ರಕ್ತದ ಲೇಪ, ಓದುವ ಹಾಗೆ ಬರುವುದೇ ಇಲ್ಲ ಎಂದು ನನಗೆ ಹೇಳದವರು ಕಡಿಮೆ. "ಒಂದು ಹನಿ ಆಲ್ಕೊಹಾಲಿಗೆ ಹಾಕಿ ಪಿಸಿಆರ್ ಡಿಎನ್‌ಎ ಪರೀಕ್ಷೆಗೆ ಕಳಿಸಿ, ಸುಮ್ಮನೆ ಗಾಜು ಹಾಳು ಮಾಡಬೇಡಿ" ಎಂಬುದು ಹಿರಿಯರ ಬುದ್ಧಿವಾದ. ಹೋದ ವರ್ಷ ಅವರಲ್ಲೇ ಒಬ್ಬರು ನನ್ನ ಪಿಕಳಾರದ ಸ್ಲೈಡನ್ನು ಸೂಕ್ಷ್ಮದರ್ಶಕದ ಎಣ್ಣೆ ಲೆನ್ಸಿನಡಿ ಬಹಳ ಹೊತ್ತು ನೋಡಿ, "ಇದು ಫೆಬ್ರವರಿಯದಲ್ಲವೇ?" ಎಂದು ಕೇಳಿದರು. ಅಲ್ಲ, ಆಷಾಢದ್ದು.

ನನಗೆ ಪಿಸಿಆರ್ ಮೇಲೆ ಹಗೆಯಿಲ್ಲ. ಪರಾವಲಂಬಿಯ ಸೈಟೋಕ್ರೋಮ್-ಬಿ ಜೀನಿನ 479 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ತುಣುಕು ಸಿಕ್ಕರೆ ಹಕ್ಕಿ ಮಲೇರಿಯಾ ಪರಾವಲಂಬಿಗಳ ದತ್ತಾಂಶ ಕೋಶವಾದ ಮಾಲ್‌ಏವಿಯಲ್ಲಿ ಹೋಲಿಸಿ ನೋಡಬಹುದು. ಆದರೆ ಒಂದೇ ಹಕ್ಕಿಯಲ್ಲಿ ಎರಡು ಪರಾವಲಂಬಿಗಳಿದ್ದರೆ ಅದು ಅನೇಕ ಸಲ ಒಂದನ್ನೇ ತೋರಿಸಿ ಇನ್ನೊಂದನ್ನು ನುಂಗಿಹಾಕುತ್ತದೆ. ಜೀವಿ ಆ ಹಕ್ಕಿಯಲ್ಲಿ ಗ್ಯಾಮಿಟೋಸೈಟ್‌ವರೆಗೆ (ಕೀಟಕ್ಕೆ ದಾಟಬಲ್ಲ ಗಂಡು-ಹೆಣ್ಣು ಹಂತ) ಬೆಳೆದಿದೆಯೋ ಅರ್ಧಕ್ಕೇ ನಿಂತಿದೆಯೋ ಎಂಬುದನ್ನು ಗಾಜು ಮಾತ್ರ ಹೇಳುತ್ತದೆ. ಖರ್ಚಿನ ಮಾತೂ ಇದೆ. ಡಿಎನ್‌ಎ ತೆಗೆಯುವುದರಿಂದ ಸೀಕ್ವೆನ್ಸಿಂಗ್‌ವರೆಗೆ ಒಂದು ಮಾದರಿಗೆ ಸಾವಿರದ ಆಸುಪಾಸು ಆಗುತ್ತಿತ್ತು. ಸ್ಲೈಡಿಗೆ ಹತ್ತು ರೂಪಾಯಿಯೂ ಬೀಳುವುದಿಲ್ಲ, ಹೋಗುವುದು ಕಣ್ಣು.

ಮಳೆಗಾಲದ ತೊಂದರೆಯೆಲ್ಲ ಒಣಗಿಸುವುದರಲ್ಲಿ. ತೇವದ ಗಾಳಿಯಲ್ಲಿ ಲೇಪ ನಿಧಾನವಾಗಿ ಆರಿದರೆ ಕೆಂಪು ಕಣಗಳು ಮುರುಟುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ರಕ್ತ ಗಾಳಿಗೆ ಬಂದ ಕೆಲವೇ ನಿಮಿಷಗಳಲ್ಲಿ ಹೀಮೋಪ್ರೋಟಿಯಸ್ ಎಂಬ, ಕೆಂಪು ಕಣದೊಳಗೆ ಬದುಕುವ ಪರಾವಲಂಬಿ ತಾನು ನೊಣದ ಹೊಟ್ಟೆ ಸೇರಿದೆನೆಂದು ತಿಳಿದು ದುಂಡಗಾಗತೊಡಗುತ್ತದೆ. ಕಣದ ನ್ಯೂಕ್ಲಿಯಸ್ ಸುತ್ತ ಬಾಗಿರಬೇಕಾದ ಆಕಾರ ಹೋದ ಮೇಲೆ ಪ್ರಭೇದ ಗುರುತಿಸುವ ಮಾತೇ ಇಲ್ಲ.

ಮೊದಲು ಹೇರ್ ಡ್ರೈಯರ್ ತಂದೆ. ಶಿಬಿರದಲ್ಲಿ ಕರೆಂಟಿಲ್ಲ, ಜನರೇಟರ್ ಬಾಡಿಗೆ, ಡೀಸೆಲ್ ಸೇರಿ ಅನುದಾನದ ಒಂದು ಪಾಲು ಹೊಗೆಯಾಗಿ ಹೋಯಿತು. ಜೀಪಿನ ಹೀಟರ್ ಮುಂದೆ ಹಿಡಿದರೆ ಧೂಳು ಅಂಟಿತು. ಬಿಸಿಯೂ ಅತಿಯಾಗಬಾರದು, ಕೋಶಗಳು ಬೆಂದಂತಾಗುತ್ತವೆ. ಕೊನೆಗೆ ಕೈಹಿಡಿದದ್ದು ಬಿಸ್ಕತ್ತಿನ ತಗಡಿನ ಡಬ್ಬಿ: ಒಳಗೆ ಹಳೆಯ ಕಂಪ್ಯೂಟರಿನ ಫ್ಯಾನ್, ಹುರಿದು ನೀಲಿ ಮಾಡಿದ ಸಿಲಿಕಾ ಜೆಲ್, ಹೊರಗೆ ಬೈಕಿನ 12 ವೋಲ್ಟ್ ಬ್ಯಾಟರಿ. ಎಲ್ಲ ಸೇರಿ ಏಳೆಂಟು ನೂರು ರೂಪಾಯಿ. ಲೇಪ ಹತ್ತು ಹದಿನೈದು ಸೆಕೆಂಡಿನಲ್ಲಿ ಆರುತ್ತದೆ. ಜೆಲ್ಲನ್ನು ಯಾವ ಕಡೆ, ಎಷ್ಟು ಪದರ ಇಟ್ಟಿದ್ದೇನೆ ಎಂಬುದನ್ನು ನನ್ನ ಸಂಶೋಧನಾ ಲೇಖನ ಅಚ್ಚಾಗುವವರೆಗೆ ಹೇಳಲಾರೆ.

ಅಷ್ಟಕ್ಕೇ ಗೆದ್ದೆ ಎನ್ನುವಂತಿರಲಿಲ್ಲ. ಕಣಗಳ ಮೇಲೆ ಹೊಳೆಯುವ ಗುಳ್ಳೆಗಳು ಕಾಣಿಸಿಕೊಂಡವು, ಹೊಸಬರು ನೋಡಿದರೆ ಪರಾವಲಂಬಿ ಎಂದೇ ಬರೆದುಕೊಳ್ಳುವಂಥವು. ಅದು, ಲೇಪವನ್ನು ಗಾಜಿಗೆ ಕಚ್ಚಿಸಲು ಬಳಸುವ ಮೆಥನಾಲ್ ತೇವದ ಗಾಳಿಯಿಂದ ಹೀರಿಕೊಂಡ ನೀರಿನ ಕರಾಮತ್ತು. ದೊಡ್ಡ ಬಾಟಲಿಯನ್ನು ಕಾಡಿಗೆ ಒಯ್ಯುವುದನ್ನೇ ಬಿಟ್ಟೆ. ಊರಿನಲ್ಲೇ ಇಪ್ಪತ್ತು ಮಿಲಿಲೀಟರಿನ ಸೀಸೆಗಳಿಗೆ ತುಂಬಿಸಿ, ಬೆಳಗಿನದನ್ನು ಮಧ್ಯಾಹ್ನಕ್ಕೆ ಚೆಲ್ಲುತ್ತೇನೆ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲುತ್ತೇನೆ. ಒಂದು ರಾತ್ರಿ ತೆರೆದಿಟ್ಟ ಲೇಪಗಳನ್ನು ಜಿರಳೆ, ಇರುವೆಗಳು ಗಾಜು ತೊಳೆದಂತೆ ತಿಂದು ಮುಗಿಸಿದ್ದವು. ಇನ್ನೊಂದು ತಂಡದವರು ಫಾರ್ಮಲಿನ್ ಡಬ್ಬಿಯ ಪಕ್ಕದಲ್ಲೇ ನನ್ನ ಸ್ಲೈಡ್ ಪೆಟ್ಟಿಗೆ ಇಟ್ಟು ಊರಿಗೆ ತಂದರು. ಆ ಆವಿ ತಾಗಿದ ಮೇಲೆ ಗೀಮ್ಸಾ ಬಣ್ಣ ಹಾಕಿದರೆ ಇಡೀ ಲೇಪ ಒಂದೇ ನೀಲಿ.

ಗೀಮ್ಸಾ ಶೇ 10, ಬಫರ್ ಪಿಎಚ್ 7.2, ಒಂದು ಗಂಟೆ, ಹೊಸದೇನೂ ಇಲ್ಲ. ಬಾವಿ ನೀರಿನಲ್ಲಂತೂ ಮಾಡಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಊರಿನ ಪಾರಿವಾಳಗಳಲ್ಲಿ ಹೀಮೋಪ್ರೋಟಿಯಸ್ ಕೊಲಂಬೆ ಧಾರಾಳವಾಗಿ ಸಿಗುತ್ತದೆ. ಅದನ್ನು ಹರಡುವ ಚಪ್ಪಟೆ ನೊಣ ಸ್ಯೂಡೋಲಿಂಕಿಯಾವನ್ನು ಸಾಕಿ, ಅದರ ಲಾಲಾಗ್ರಂಥಿಯಲ್ಲಿ ಸ್ಪೋರೋಜೋಯಿಟ್ (ಹಕ್ಕಿಗೆ ಸೋಂಕು ಹತ್ತಿಸುವ ಹಂತ) ನೋಡಬೇಕೆಂದು ಹೊರಟೆ. ಗರಿಗಳ ಸಂದಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಓಡುವ ಪ್ರಾಣಿ ಅದು. ಹಿಡಿಯುವಷ್ಟರಲ್ಲಿ ನನ್ನ ತಲೆಗೂದಲು ಸೇರಿರುತ್ತಿತ್ತು. ಪಾರಿವಾಳ ಬಿಟ್ಟರೆ ಹೆಚ್ಚು ದಿನ ಬದುಕುವುದೂ ಇಲ್ಲ. ಗ್ರಂಥಿ ಸಿಗಲಿಲ್ಲ. ಆದರೆ ಅದೇ ಪಾರಿವಾಳದ ರಕ್ತವನ್ನು ಒಣಗಿಸದೆ ಕವರ್‌ಸ್ಲಿಪ್ ಅಡಿಯಲ್ಲಿಟ್ಟು ನೋಡಿದಾಗ ಪರಾವಲಂಬಿಯ ಗಂಡು ಕಣದಿಂದ ಎಳೆಗಳು ಚಾಟಿ ಬೀಸಿದಂತೆ ಹೊರಬಂದವು. 1897ರಲ್ಲಿ ಕೆನಡಾ ಮೂಲದ ವಿಜ್ಞಾನಿ ಮೆಕಾಲಮ್ ಕಾಗೆಯ ರಕ್ತದಲ್ಲಿ ಇವೇ ಎಳೆಗಳು ಹೆಣ್ಣು ಕಣವನ್ನು ಸೇರುವುದನ್ನು ಕಂಡಿದ್ದ. ಮರುವರ್ಷ ರೊನಾಲ್ಡ್ ರಾಸ್ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದಲೇ ಹರಡುತ್ತದೆಂದು ತೋರಿಸಿದ. ಅವರ ಕಾಲಕ್ಕೆ ಪಿಸಿಆರ್ ಇರಲಿಲ್ಲವೆಂದು ನಮ್ಮ ಹಿರಿಯರಿಗೆ ನೆನಪಿಸಬೇಕಾಯಿತು.

ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಬಲೆ ಹಾಕಿ ಹಿಡಿದ ಪಿಕಳಾರ, ಹರಟೆಮಲ್ಲ, ಬೆಳ್ಗಣ್ಣಗಳ ಮಳೆಗಾಲದ ಸ್ಲೈಡುಗಳಲ್ಲಿ ಈಗ ಹತ್ತರಲ್ಲಿ ಎಂಟಾದರೂ ಓದಲು ಬರುತ್ತವೆ. ಮುಂಚೆ ಎರಡು ಬಂದರೆ ಹಬ್ಬ. ಪಿಸಿಆರ್ ಒಂದೇ ಸೋಂಕು ಎಂದಿದ್ದ ಒಂದೆರಡು ಹಕ್ಕಿಗಳಲ್ಲಿ ಗಾಜು ಎರಡನ್ನು ತೋರಿಸಿದೆ. ಬೆಳ್ಗಣ್ಣದ್ದು ಹತ್ತು ಗ್ರಾಂ ಆಸುಪಾಸಿನ ದೇಹ. ರೆಕ್ಕೆಯ ನಾಳದಿಂದ ಒಂದು ಹನಿಗಿಂತ ಹೆಚ್ಚು ತೆಗೆಯುವುದಿಲ್ಲ, ಅದರಲ್ಲೇ ಎರಡು ಲೇಪ, ಉಳಿದದ್ದು ಆಲ್ಕೊಹಾಲಿಗೆ. ಡಬ್ಬಿ ಮಾಡಿಕೊಳ್ಳುವವರು ಫ್ಯಾನಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಇಲ್ಲದಿದ್ದರೆ ಜೆಲ್ಲಿನ ಪುಡಿ ಹಸಿ ಲೇಪದ ಮೇಲೆ ಕೂರುತ್ತದೆ.