ಫೈಲು ಆಮೇಲೆ, ಮೊದಲು ಕುರ್ಚಿಯಿಂದ ಎದ್ದು ತೋರಿಸಿ

ತಾಲೂಕು ಕೇಂದ್ರವೊಂದರಲ್ಲಿ ಫಿಜಿಶಿಯನ್ ಆಗಿ ಕೆಲಸ ಮಾಡುತ್ತೇನೆ. ವಯಸ್ಸಾದವರನ್ನು ಕರೆತರುವ ಮಗನೋ ಸೊಸೆಯೋ ಒಳಗೆ ಬಂದ ಕೂಡಲೇ ಫೈಲು ಚಾಚುತ್ತಾರೆ. ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಇಸಿಜಿ, ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿರುತ್ತದೆ. ನಾನು ಅದನ್ನು ಮೇಜಿನ ಮೇಲೆ ಹಾಗೇ ಇಟ್ಟು, "ಅಮ್ಮಾ, ಎರಡೂ ಕೈ ಎದೆ ಮೇಲೆ ಕಟ್ಕೊಂಡು ಐದು ಸಲ ಎದ್ದು ಕೂತ್ಕೊಳಿ ನೋಡೋಣ" ಅನ್ನುತ್ತೇನೆ. ಕಣ್ಣು ಗಡಿಯಾರದ ಮೇಲಿರುತ್ತದೆ. ಐದು ಸಲ ಎದ್ದು ಕೂರಲು 12 ಸೆಕೆಂಡಾದರೂ ಬೇಕಾಯಿತು ಎಂದರೆ ಕಾಲಿನ ಸ್ನಾಯು ಸೋತಿದೆ. ಕೆಲವರು ಕುರ್ಚಿಯ ಕೈ ಹಿಡಿಯದೆ ಒಮ್ಮೆಯೂ ಏಳಲಾರರು. ಆಮೇಲೆ ದರ್ಜಿಯ ಟೇಪು ತೆಗೆದು ಮೀನಖಂಡದ ಸುತ್ತಳತೆ ನೋಡುತ್ತೇನೆ. ಹೆಂಗಸರಲ್ಲಿ 33 ಸೆಂಟಿಮೀಟರ್, ಗಂಡಸರಲ್ಲಿ 34ಕ್ಕಿಂತ ಕಡಿಮೆ ಬಂದರೆ ಸ್ನಾಯು ಕರಗುತ್ತಿದೆ ಎಂಬ ಅನುಮಾನ. ಇವು ಏಷ್ಯಾದ ತಜ್ಞರ ಗುಂಪು 2019ರಲ್ಲಿ ನಮ್ಮ ಮೈಕಟ್ಟಿಗೆ ಹೊಂದುವಂತೆ ಗೊತ್ತುಮಾಡಿದ ಅಳತೆಗಳು. ಖರ್ಚು ಒಂದು ಪೈಸೆಯೂ ಇಲ್ಲ.

ಇಷ್ಟು ನೋಡಿದ ಮೇಲೆ ಉಳಿದದ್ದನ್ನು ಕೇಳುತ್ತೇನೆ. ತೂಕ ತಾನಾಗಿಯೇ ಇಳಿದಿದೆಯೇ, ಸುಮ್ಮನೆ ಕೂತರೂ ಸುಸ್ತೇ, ನಡಿಗೆ ನಿಧಾನವಾಯಿತೇ, ಕೈಯ ಹಿಡಿತ ಸಡಿಲವಾಗಿ ಬಾಟಲಿ ಮುಚ್ಚಳ ತೆರೆಯಲು ಕಷ್ಟವೇ, ಓಡಾಟ ಕಡಿಮೆಯಾಯಿತೇ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಮುಂದಿಟ್ಟ ಐದು ಲಕ್ಷಣಗಳು ಹೆಚ್ಚುಕಡಿಮೆ ಇವೇ. ಮೂರು ಇದ್ದರೆ ನಿತ್ರಾಣದ ಸ್ಥಿತಿ. ಒಂದೆರಡು ಇದ್ದರೆ ಆ ಕಡೆಗೆ ಜಾರುತ್ತಿದ್ದಾರೆ ಎಂದು ಲೆಕ್ಕ. ಜಾರುತ್ತಿರುವವರೇ ನನಗೆ ಮುಖ್ಯ, ಅವರನ್ನು ಹಿಂದಕ್ಕೆ ತರಬಹುದು. "ವಯಸ್ಸಾಯ್ತಲ್ಲ ಡಾಕ್ಟ್ರೇ, ಇನ್ನೇನು" ಎಂದು ಮನೆಯವರೇ ಷರಾ ಬರೆದುಬಿಟ್ಟಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಎರಡನೆಯ ಕೆಲಸ ಮಾತ್ರೆಯ ಚೀಲ ಬರಿದು ಮಾಡುವುದು. ಚೀಟಿ ಬೇಡ, ಮನೆಯಲ್ಲಿರುವುದನ್ನೆಲ್ಲ ತನ್ನಿ ಅನ್ನುತ್ತೇನೆ. ಪ್ಲಾಸ್ಟಿಕ್ ಕವರಿನಿಂದ ಮೇಜಿನ ಮೇಲೆ ಸುರಿದಾಗ ಹೃದಯದವರು ಕೊಟ್ಟಿದ್ದು, ಮೂಳೆಯವರು ಕೊಟ್ಟಿದ್ದು, ಪಕ್ಕದ ಮನೆಯವರಿಗೆ ಹಿಡಿಸಿತೆಂದು ತಂದದ್ದು, ಎಲ್ಲ ಒಟ್ಟಿಗೆ ಹೊರಬೀಳುತ್ತವೆ. ಒಂದೇ ಔಷಧ ಎರಡು ಕಂಪನಿಯ ಹೆಸರಲ್ಲಿ ಇರುವುದು ಮಾಮೂಲು. ಗ್ಯಾಸ್ ಮಾತ್ರೆ ಇಲ್ಲದ ಚೀಲ ನಾನು ಕಂಡದ್ದು ಅಪರೂಪ. ಪ್ಯಾಂಟಪ್ರಜೋಲ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಮೂಳೆ ಮುರಿತ ಹೆಚ್ಚು ಕಂಡುಬಂದಿದೆ, ಬಿ12 ಕೂಡ ಇಳಿಯುತ್ತದೆ. ಸಕ್ಕರೆಗೆ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಬಿ12 ಇನ್ನಷ್ಟು ಇಳಿದು, ಕಾಲು ಜೋಮು ಹಿಡಿದು ನೆಲವೇ ತಿಳಿಯದಂತಾಗುತ್ತದೆ.

ನಾನು ತುಂಬ ಹುಡುಕುವುದು ತಲೆಸುತ್ತಿನ ಮಾತ್ರೆಯನ್ನು. ಒಬ್ಬ ತಾತನನ್ನು ಪಾರ್ಕಿನ್ಸನ್ ಎಂದು ಕರೆತಂದಿದ್ದರು. ಮುಖದಲ್ಲಿ ಭಾವವಿಲ್ಲ, ಹೆಜ್ಜೆ ಎಳೆದೆಳೆದು ಇಡುತ್ತಿದ್ದರು, ಕೈ ನಡುಕ, ಎರಡು ಬಾರಿ ಬಿದ್ದಿದ್ದರು. ಚೀಲದಲ್ಲಿ ಪಾರ್ಕಿನ್ಸನ್ ಔಷಧವೂ ಇತ್ತು, ಅದರ ಕೆಳಗೆ ಸಿನ್ನರಿಜಿನ್ ಕೂಡ ಇತ್ತು. ಯಾವಾಗಲೋ ತಲೆಸುತ್ತು ಬಂದಾಗ ಬರೆದದ್ದು, ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತರುತ್ತಲೇ ಇದ್ದರು. ಸಿನ್ನರಿಜಿನ್, ಫ್ಲೂನರಿಜಿನ್, ಪ್ರೊಕ್ಲೋರ್‌ಪೆರಜಿನ್ ಈ ಮೂರೂ ವಯಸ್ಸಾದವರಲ್ಲಿ ಪಾರ್ಕಿನ್ಸನ್ ಹೋಲುವ ಲಕ್ಷಣ ತರಬಲ್ಲವು. ಸಿನ್ನರಿಜಿನ್ ನಿಲ್ಲಿಸಿದ ಕೆಲವು ತಿಂಗಳಲ್ಲಿ ತಾತ ಮತ್ತೆ ಸಂತೆಗೆ ಹೋಗುವ ಹಾಗಾದರು. ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೊಂದು ಮಾತ್ರೆ ಕೊಡುವ ಈ ಸರಪಳಿ ಎಲ್ಲ ಕಡೆಯೂ ಇದೆ. ಹಾಗೆಂದು ಎಲ್ಲವನ್ನೂ ಒಮ್ಮೆಲೇ ಕಿತ್ತೊಗೆಯುವಂತಿಲ್ಲ. ನಿದ್ರೆಗೆಂದು ಅಲ್ಪ್ರಜೊಲಾಂ ಅಭ್ಯಾಸವಾದವರಿಗೆ ಅದನ್ನು ವಾರಗಟ್ಟಲೆ ಚೂರುಚೂರೇ ಇಳಿಸಬೇಕು. ಹಠಾತ್ತನೆ ಬಿಟ್ಟರೆ ಫಿಟ್ಸ್ ಬಂದರೂ ಬರಬಹುದು.

ಬಿ.ಪಿ.ಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ನೋಡುತ್ತೇನೆ. ನಿಂತಾಗ ಮೇಲಿನ ಅಂಕಿ 20 ಇಳಿದರೆ, ಅಥವಾ ಕೆಳಗಿನದು 10 ಇಳಿದರೆ, ಅವರು ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವ ಜಾತಿ. ಪ್ರಾಸ್ಟೇಟ್ ಮಾತ್ರೆ, ಬಿ.ಪಿ. ಮಾತ್ರೆ, ನೀರು ಇಳಿಸುವ ಮಾತ್ರೆ ಮೂರನ್ನೂ ರಾತ್ರಿ ಊಟದ ನಂತರ ಒಟ್ಟಿಗೆ ತೆಗೆದುಕೊಳ್ಳುತ್ತಿರುವುದು ಎಷ್ಟೋ ಸಲ ಆಗ ಗೊತ್ತಾಗುತ್ತದೆ. ಹೊತ್ತು ಬದಲಿಸಿದರೆ ಅರ್ಧ ಕೆಲಸ ಮುಗಿಯಿತು.

ಸಕ್ಕರೆಯ ವಿಷಯದಲ್ಲಿ ಜಗಳ ಆಗುವುದು ಬೆಂಗಳೂರಿನಲ್ಲಿರುವ ಮಕ್ಕಳ ಜೊತೆ. "ಎಚ್‌ಬಿಎ1ಸಿ 7.8 ಇದೆ ಡಾಕ್ಟ್ರೇ, ನೀವು ಮಾತ್ರೆ ಕಡಿಮೆ ಮಾಡಿದೀರಂತೆ?" ಹೌದು, ಮಾಡಿದ್ದೇನೆ. ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ. ನಲವತ್ತರ ಮಗನಿಗೆ 7ರೊಳಗೆ ಇರಲಿ. ಎಂಬತ್ತರ ತಾಯಿಗೆ, ಮೂತ್ರಪಿಂಡ ಸೋತು, ಹೃದಯಕ್ಕೂ ಔಷಧ ನಡೆಯುತ್ತಿರುವಾಗ, 8ರ ಆಸುಪಾಸು ಸಾಕು. ಅಮೆರಿಕದ ಡಯಾಬಿಟಿಸ್ ಸಂಘವೂ ಇಂಥವರಿಗೆ ಅದನ್ನೇ ಹೇಳುತ್ತದೆ. ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗಿ, ಏಕಾದಶಿಯೆಂದು ಊಟ ಬಿಟ್ಟು, ನಸುಕಿನಲ್ಲಿ ಸಕ್ಕರೆ 45ಕ್ಕೆ ಇಳಿದು ಬಚ್ಚಲಲ್ಲಿ ಬಿದ್ದರೆ ತೊಡೆಯ ಮೂಳೆ ಹೋಗುತ್ತದೆ. ಹೆಚ್ಚಾದ ಸಕ್ಕರೆ ವರ್ಷಗಳಲ್ಲಿ ಕೆಡಿಸುತ್ತದೆ, ಇಳಿದ ಸಕ್ಕರೆ ಒಂದು ಗಂಟೆಯಲ್ಲಿ. ಪಯೋಗ್ಲಿಟಜೋನ್ ಎಂಬ ಸಕ್ಕರೆ ಮಾತ್ರೆ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚಿಸುತ್ತದೆ, ಅಜ್ಜಿಯರ ಚೀಟಿಯಲ್ಲಿ ಕಂಡರೆ ಅದನ್ನು ತೆಗೆದು ಬೇರೆ ಬರೆಯುತ್ತೇನೆ.

ಇನ್ನು ಮೂಳೆ. ಬಿದ್ದು ಮಣಿಕಟ್ಟು ಮುರಿದುಕೊಂಡ ಅಜ್ಜಿಗೆ ಪ್ಲಾಸ್ಟರ್ ಹಾಕಿ ಕಳಿಸುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ, ಕತೆ ಮುಗಿಯಿತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತೆಂದರೆ ಆ ಮೂಳೆ ಮೊದಲೇ ಟೊಳ್ಳಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಮಣಿಕಟ್ಟಿನ ಹಿಂದೆಯೇ ಬೆನ್ನುಮೂಳೆ, ಆಮೇಲೆ ಸೊಂಟ. ಬೆನ್ನುಮೂಳೆ ಕುಸಿದದ್ದು ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. ಕೊಡಪಾನ ಎತ್ತಿದಾಗ ಬೆನ್ನು ಹಿಡಿಯಿತು ಎಂದು ಎಣ್ಣೆ ತಿಕ್ಕಿಕೊಂಡಿರುತ್ತಾರೆ. ಅದಕ್ಕೇ ಎತ್ತರ ಅಳೆಯುತ್ತೇನೆ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ. ಅದರಲ್ಲಿ ಕುಸಿದ ಮೂಳೆ ಕಂಡರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಅಂಕಿ ಏನೇ ಇರಲಿ, ಅದು ಆಸ್ಟಿಯೊಪೊರೋಸಿಸ್ಸೇ, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಉಳಿದವರನ್ನು ಜಿಲ್ಲಾ ಕೇಂದ್ರಕ್ಕೆ ಡೆಕ್ಸಾಗೆ ಕಳಿಸುತ್ತೇನೆ, ಟಿ-ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಚಿಕಿತ್ಸೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರದ ಚೀಟಿ ಹಿಡಿದು ಬರುವವರಿಗೆ ಅದೊಂದನ್ನೇ ನಂಬಿ ಔಷಧ ಶುರು ಮಾಡುವುದಿಲ್ಲ.

ಮಂಡಿನೋವಿಗೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಮಾತ್ರೆಗಳ ಬಗ್ಗೆಯೂ ಕೇಳುತ್ತೇನೆ. ತಿಂದ ಮರುದಿನವೇ ಹಾರಾಡುವಂತಾಗುತ್ತದೆ ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಮೂರು ತಿಂಗಳು ದಾಟಿದರೆ ಅದು ಮೂಳೆಯನ್ನೂ ಸ್ನಾಯುವನ್ನೂ ಒಟ್ಟಿಗೆ ತಿನ್ನುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಇದನ್ನೂ ತಟ್ಟನೆ ನಿಲ್ಲಿಸಬಾರದು.

ಮೂಳೆ ಸವೆಯದಂತೆ ತಡೆಯುವ ಅಲೆಂಡ್ರೊನೇಟ್ ವಾರಕ್ಕೊಂದು ಮಾತ್ರೆ, 70 ಮಿಲಿಗ್ರಾಂ. ಅಗ್ಗ, ಒಳ್ಳೆಯದು. ಆದರೆ ನಮ್ಮ ಕಡೆಯ ಅಜ್ಜಿಯರು ಎದ್ದ ಕೂಡಲೇ ಕಾಫಿ ಕೇಳುವವರು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿದರೂ ಈ ಔಷಧ ಮೈಗೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಫಿ ಜೊತೆಗಾದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ದಂಡ. ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಮಲಗಿದರೆ ಅನ್ನನಾಳ ಸುಡುತ್ತದೆ. ಕಾಫಿ ಮುಂದೂಡಲು ಒಪ್ಪದವರಿಗೆ ಜೊಲೆಡ್ರೊನಿಕ್ ಆಸಿಡ್, ವರ್ಷಕ್ಕೊಮ್ಮೆ ಡ್ರಿಪ್. 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದು ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತವನ್ನು ಶೇಕಡ 70ರಷ್ಟು, ಸೊಂಟದ ಮುರಿತವನ್ನು ಶೇಕಡ 41ರಷ್ಟು ಇಳಿಸಿತು. ಕೊಡುವ ಮೊದಲು ಕ್ರಿಯಾಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುತ್ತೇನೆ. ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತ ಸೋಸುವ ವೇಗ, 35ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ. ಅಲುಗಾಡುವ ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ, ವಸಡು ಮಾಗಿದ ಮೇಲೆ ಬನ್ನಿ ಅನ್ನುತ್ತೇನೆ. ಮೊದಲ ಡ್ರಿಪ್ಪಿನ ನಂತರ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು; ಪ್ಯಾರಾಸಿಟಮಾಲ್ ಕೈಗೆ ಕೊಟ್ಟೇ ಕಳಿಸುತ್ತೇನೆ. ಹೇಳದೆ ಕಳಿಸಿದರೆ ಮರುವರ್ಷ ಅವರು ಆ ಕಡೆ ತಲೆಯೂ ಹಾಕುವುದಿಲ್ಲ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಒಳ್ಳೆಯ ಔಷಧವೇ, ಆದರೆ ಒಂದು ಡೋಸ್ ತಪ್ಪಿದರೆ ಗಳಿಸಿದ್ದೆಲ್ಲ ಬೇಗ ಹೋಗಿ ಬೆನ್ನುಮೂಳೆಗಳು ಸಾಲಾಗಿ ಕುಸಿಯಬಹುದು. ಮಳೆಗಾಲದಲ್ಲಿ ಬಸ್ಸು ನಿಂತುಹೋಗುವ ಹಳ್ಳಿಯವರಿಗೆ ಅದನ್ನು ಬರೆಯಲು ನನಗೆ ಧೈರ್ಯವಿಲ್ಲ.

ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ದಿನಕ್ಕೊಂದು ಎಂದು ತಿಳಿದು ನುಂಗಿ, ಕ್ಯಾಲ್ಸಿಯಂ ಏರಿ, ಮಲಬದ್ಧತೆಯಿಂದ ಶುರುವಾಗಿ ತಲೆ ಮಂಕಾಗಿ ಬಂದವರಿದ್ದಾರೆ. ಅದಕ್ಕೆ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ "ಭಾನುವಾರ ಮಾತ್ರ" ಎಂದು ನಾನೇ ಬರೆಯುತ್ತೇನೆ. ವರ್ಷಕ್ಕೊಂದು ಭಾರೀ ಡೋಸ್ ಸಾಕಲ್ಲ ಎಂದು ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದ್ದರು. ಬೀಳುವುದೂ ಮುರಿಯುವುದೂ ಎರಡೂ ಹೆಚ್ಚಾದವು. 2010ರಲ್ಲಿ ಆ ವರದಿ ಬಂತು.

ಊಟದ ಬಗ್ಗೆ ಮಾತಾಡಲು ಔಷಧಕ್ಕಿಂತ ಹೆಚ್ಚು ಹೊತ್ತು ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಲ್ಲವೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದ ರಾಗಿಯಾದರೆ ಸ್ವಲ್ಪ ವಾಸಿ. ಮುದ್ದೆ ಉಣ್ಣುವ ಮನೆಯಲ್ಲಿ ಕ್ಯಾಲ್ಸಿಯಂ ಚಿಂತೆ ಅರ್ಧ ಕಡಿಮೆ. ನಿಜವಾಗಿ ಕಡಿಮೆ ಬೀಳುವುದು ಪ್ರೋಟೀನು. ಹಲ್ಲು ಹೋದ ಮೇಲೆ ಊಟ ಅನ್ನ, ತಿಳಿಸಾರು, ಮಜ್ಜಿಗೆಗೆ ಬಂದು ನಿಲ್ಲುತ್ತದೆ. 50 ಕೆ.ಜಿ. ತೂಕದ ಅಜ್ಜಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು, ಆ ಊಟದಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ನೂರು ಗ್ರಾಂ ಒಣ ಹುರುಳಿಯಲ್ಲಿ 22. ಹುರುಳಿ ಬೇಯಿಸಿ ಕಟ್ಟು ಅಜ್ಜಿಗೆ, ಕಾಳು ಮಕ್ಕಳಿಗೆ ಎಂದು ಬಡಿಸುವ ಮನೆಗಳಿವೆ. ಕಾಳು ರುಬ್ಬಿ ಅದೇ ಸಾರಿಗೆ ಹಾಕಿ ಎಂದು ಸೊಸೆಯಂದಿರಿಗೆ ಹೇಳುತ್ತೇನೆ. ಮೂತ್ರಪಿಂಡ ತೀರ ಕೆಟ್ಟವರಿಗೆ ಮಾತ್ರ ಈ ಲೆಕ್ಕ ಬೇರೆ.

ವ್ಯಾಯಾಮ ಎಂದರೆ "ದಿನಾ ವಾಕಿಂಗ್ ಹೋಗ್ತಾರೆ" ಅನ್ನುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಸೋತ ತೊಡೆಗೆ ಅದಷ್ಟೇ ಸಾಲದು. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಭಾರ ಎತ್ತಿಸಿದಾಗ ಕಾಲಿನ ಬಲ ಎರಡು ಪಟ್ಟು ದಾಟಿತ್ತು. ನನ್ನಲ್ಲಿ ಯಂತ್ರಗಳಿಲ್ಲ. ಕುರ್ಚಿಯಿಂದ ಹತ್ತು ಸಲ ಏಳುವುದು, ಅಡಿಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕಟ್ಟೆಗೆ ಕೈ ತಾಗಿಸಿ ಒಂಟಿ ಕಾಲಲ್ಲಿ ನಿಲ್ಲುವುದು, ಲೀಟರ್ ಬಾಟಲಿಗೆ ನೀರು ತುಂಬಿ ಎತ್ತುವುದು. ಬೆಳಗ್ಗೆ ಒಲೆಯ ಮೇಲೆ ಹಾಲು ಕಾಯುವಷ್ಟು ಹೊತ್ತಿನಲ್ಲಿ ಇದೆಲ್ಲ ಮುಗಿಯುತ್ತದೆ. ಬೆನ್ನುಮೂಳೆ ಕುಸಿದವರಿಗೆ ಒಂದು ಎಚ್ಚರಿಕೆ ಕೊಡುತ್ತೇನೆ: ಮುಂದಕ್ಕೆ ಬಾಗಿ ಕಾಲುಬೆರಳು ಮುಟ್ಟುವ ಯಾವ ಆಸನವೂ ಬೇಡ, ಯಾವ ಗುರುಗಳು ಹೇಳಿದರೂ ಬೇಡ.

ಇದಕ್ಕೆ ಅಡ್ಡ ಬರುವುದು ಹೆಚ್ಚಾಗಿ ಪ್ರೀತಿಯೇ. "ನೀವು ಏಳ್ಬೇಡಿ ಅತ್ತೆ, ನಾನು ತಂದ್ಕೊಡ್ತೀನಿ" ಎಂದು ನೀರು, ಕಾಫಿ, ತಟ್ಟೆ ಎಲ್ಲ ಮಂಚಕ್ಕೇ ತರುವ ಮನೆಗಳಲ್ಲಿ ಅತ್ತೆಯ ಕಾಲು ಬೇಗ ಸೋಲುತ್ತದೆ. ಅಂಥ ಸೊಸೆಗೆ ನಾನು ಬರೆದುಕೊಡುವ ಚೀಟಿಯಲ್ಲಿ "ಕಾಳು ಆರಿಸುವುದು, ಬಟ್ಟೆ ಮಡಚುವುದು, ಹೂ ಕಟ್ಟುವುದು ಅತ್ತೆಯ ಕೆಲಸ, ಬೇಕಾದ್ದನ್ನು ಅವರೇ ಎದ್ದು ತಂದುಕೊಳ್ಳಲಿ" ಎಂದಿರುತ್ತದೆ. ಅತ್ತೆಗೆ ಕೆಲಸ ಹಚ್ಚಲು ಡಾಕ್ಟರರ ಚೀಟಿ ಸಿಕ್ಕಿತಲ್ಲ ಎಂದು ನಕ್ಕವರೂ ಇದ್ದಾರೆ.

ಮನೆಯಲ್ಲಿ ಬಚ್ಚಲಿನ ಪಾಚಿ ಉಜ್ಜಿಸಿ, ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಒಂದು ಸಣ್ಣ ದೀಪ ಇಡಿ. ಸವೆದ ಹವಾಯಿ ಚಪ್ಪಲಿ, ಕಾಲಿಗೆ ಸಿಕ್ಕುವ ಉದ್ದನೆಯ ನೈಟಿ, ಬಾಗಿಲ ಬಳಿ ಜಾರುವ ಕಾಲೊರೆಸು, ಮೂರೂ ಹೋಗಲಿ. ಕಣ್ಣಿನ ಪೊರೆ ತೆಗೆಸಿ.

ಇಷ್ಟಾದರೂ ಸೊಂಟ ಮುರಿಯುತ್ತದೆ. ಆಗ "ಈ ವಯಸ್ಸಲ್ಲಿ ಆಪರೇಷನ್ ಯಾಕೆ" ಎಂದು ಮನೆಗೆ ಒಯ್ದು ಪಟ್ಟು ಕಟ್ಟಿಸುವವರ ಜೊತೆ ನಾನು ಖಂಡಿತ ವಾದ ಮಾಡುತ್ತೇನೆ. ಮಲಗಿಸಿಬಿಟ್ಟರೆ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಎರಡು ದಿನದೊಳಗೆ ಆಪರೇಷನ್ ಆಗಿ ಮರುದಿನ ವಾಕರ್ ಹಿಡಿದು ನಿಲ್ಲಿಸಿದವರ ಕತೆ ಬೇರೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೂಳೆಯ ಔಷಧ ಬರೆದಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಹುಡುಕುತ್ತೇನೆ. ಹೆಚ್ಚಿನ ಸಲ ಇರುವುದಿಲ್ಲ. ಜೊಲೆಡ್ರೊನಿಕ್ ಡ್ರಿಪ್ಪನ್ನು ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಇಲ್ಲೇ ಕೊಡುತ್ತೇನೆ.

ಕೆಲವರು ಮಾತ್ರ ಯಾವ ಪ್ರಯತ್ನಕ್ಕೂ ಮೇಲೇಳದ ಹಂತಕ್ಕೆ ಬಂದಿರುತ್ತಾರೆ. ಹಾಸಿಗೆ ಹಿಡಿದು, ಗುರುತು ತಪ್ಪಿ, ಎಲ್ಲಕ್ಕೂ ಇನ್ನೊಬ್ಬರು ಬೇಕು. ಮೂಳೆಯ ಔಷಧ ಫಲ ಕೊಡಲು ಸುಮಾರು ಒಂದು ವರ್ಷ ಬೇಕು. ಅಷ್ಟು ಕಾಲ ಬಾಳುವ ಭರವಸೆ ಇಲ್ಲದಿದ್ದರೆ ಡ್ರಿಪ್ ಹಾಕುವುದಿಲ್ಲ, ಕೊಲೆಸ್ಟ್ರಾಲ್ ಮಾತ್ರೆಯನ್ನೂ ನಿಲ್ಲಿಸುತ್ತೇನೆ. "ಮಾತ್ರೆ ಬಿಟ್ರೆ ನಾವೇ ಕೈಬಿಟ್ಟಂಗೆ ಆಗಲ್ವಾ?" ಎಂದು ಮಗಳು ಕೇಳುತ್ತಾಳೆ. ಬಿಡುವುದನ್ನು ಎಡಗಡೆ, ಉಳಿಸುವುದನ್ನು ಬಲಗಡೆ ಬರೆದು ತೋರಿಸುತ್ತೇನೆ. ಬಲಗಡೆಯ ಪಟ್ಟಿಯಲ್ಲಿ ನೋವಿನ ಔಷಧ, ಹೊಟ್ಟೆ ಸಲೀಸಾಗಲು ಔಷಧ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಇಷ್ಟವಾದದ್ದನ್ನು ತಿನಿಸುವುದು ಇರುತ್ತದೆ. ಹೋಳಿಗೆ ಕೊಡಬಹುದಾ, ಸಕ್ಕರೆ ಇದೆಯಲ್ಲ ಎಂದು ಕೇಳುತ್ತಾರೆ. ಕೊಡಿ, ಹಾಲಲ್ಲಿ ನೆನೆಸಿ ಕೊಡಿ, ನುಂಗುವಾಗ ತಲೆ ಎತ್ತಿ ಕೂರಿಸಿ ಅನ್ನುತ್ತೇನೆ.