ಡ್ರಮ್ಮು ಬೋರಲು ಹಾಕಿದರೆ ಸಾಲದು, ಒಳಗೋಡೆ ಉಜ್ಜಿ

2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿತು ಎಂಬ ಸುದ್ದಿ ಬಂದಾಗ ನಮ್ಮ ಬೀದಿಯವರೆಲ್ಲ ಡ್ರಮ್ಮು ಬೋರಲು ಹಾಕಿದರು. ನೀರು ಬಿಟ್ಟ ದಿನ ಅದೇ ಡ್ರಮ್ಮಿಗೆ ಪೈಪು ಇಟ್ಟರು. ನಾಲ್ಕು ದಿನಕ್ಕೆ ಮತ್ತೆ ಸೊಳ್ಳೆಮರಿ ಕುಣಿಯುತ್ತಿದ್ದವು. ಒಳಗೋಡೆಯನ್ನು ಯಾರೂ ಮುಟ್ಟಿರಲೇ ಇಲ್ಲ.

ಮೊದಲು ವಾರಕ್ಕೊಂದು ದಿನ ಗೊತ್ತು ಮಾಡಿ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ನೀರು ಬರುವ ಹಿಂದಿನ ದಿನವೇ ಒಳ್ಳೆಯದು, ಡ್ರಮ್ಮಿನ ತಳ ಕಾಣುತ್ತಿರುತ್ತದೆ. ಉಳಿದದ್ದನ್ನು ಒಣ ಮಣ್ಣಿಗೆ ಚೆಲ್ಲಿ, ಮೋರಿಗೆ ಬೇಡ.

ಇನ್ನು ಉಜ್ಜುವ ಕೆಲಸ. ಡೆಂಗಿ, ಝಿಕಾ ಹರಡುವ ಈಡಿಸ್ ಎಂಬ ಸೊಳ್ಳೆ ಮೊಟ್ಟೆಯನ್ನು ನೀರಿನಲ್ಲಿ ತೇಲಿಬಿಡುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಒದ್ದೆ ಗೋಡೆಗೆ ಅಂಟಿಸುತ್ತದೆ. ಟಾರ್ಚ್ ಹಿಡಿದು ನೋಡಿದರೆ ಮಸಿ ಉದುರಿದ ಹಾಗೆ ಕರೀ ಚುಕ್ಕಿ. ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಕಾದಿದ್ದು, ನೀರು ತಾಗಿದಾಗ ಮರಿಯಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಜಪ್ಪಯ್ಯ ಅಂದರೂ ಬಿಡದು. ತೆಂಗಿನ ನಾರೇ ಬೇಕು. ಹಳೇ ನೀರಿನ ಗೆರೆ ಹುಡುಕಿ, ಅದರ ಮೇಲೊಂದು ಗೇಣು, ಕೆಳಗೊಂದು ಗೇಣು ತಿಕ್ಕಿ. ಪ್ಲಾಸ್ಟಿಕ್ ಡ್ರಮ್ಮಿನ ಬಳೆಯಂಥ ಸಂದುಗಳಿಗೆ ಹಳೇ ಟೂತ್‌ಬ್ರಷ್. ಸಿಮೆಂಟ್ ತೊಟ್ಟಿಯಾದರೆ ಮೂಲೆಗಳಲ್ಲಿ ಎರಡು ಸಲ. ತಿಕ್ಕಿ ತೊಳೆದ ನೀರೂ ಮಣ್ಣಿಗೇ ಹೋಗಲಿ.

ತುಂಬಿಸಿ, ಹಳೇ ಪಂಚೆ ಬಿಗಿಯಾಗಿ ಕಟ್ಟಿ. ಜೋತು ಬಿದ್ದು ನೀರು ಮುಟ್ಟಬಾರದು.

‘ಒಂದು ಸಲ ಫಾಗಿಂಗ್ ಮಾಡಿಸಿಬಿಡಿ’ ಅನ್ನುವವರಿದ್ದಾರೆ. ಆ ಹೊಗೆ ಹಾರುವ ಸೊಳ್ಳೆಗೆ, ಡ್ರಮ್ಮಿನ ಮೊಟ್ಟೆಗಲ್ಲ. ಮೇಲಾಗಿ ನಮ್ಮದು ರೇಷ್ಮೆ ಊರು. ಹುಳುಮನೆಗೆ ಆ ಔಷಧಿ ಸೋಕಿದರೆ ಬೆಳೆಯೇ ಹೋಯಿತು. ರಾತ್ರಿ ಕಾಯಿಲ್ ಹಚ್ಚುವುದೂ ದುಡ್ಡು ದಂಡ, ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ.

‘ನನಗೆ ಡೆಂಗಿ ಬಂದು ಹೋಗಿದೆ, ಇನ್ನೇನು’ ಎಂದು ಡ್ರಮ್ಮು ಮರೆಯಬೇಡಿ. ಡೆಂಗಿ ವೈರಸ್ಸಿನಲ್ಲಿ 4 ಬಗೆ. ಒಂದು ಬಂದು ಹೋದರೆ ಉಳಿದ ಮೂರಕ್ಕೆ ಬಹುಕಾಲದ ರಕ್ಷಣೆ ಸಿಗದು. ಎರಡನೆಯ ಸಲ ಬೇರೆ ಬಗೆ ತಗುಲಿದರೆ ಜ್ವರ ಇನ್ನೂ ಜೋರಾಗುವ ಅಪಾಯವಿದೆ. ಚಿಕೂನ್‌ಗುನ್ಯ, ಝಿಕಾ ಹೊತ್ತು ತರುವುದೂ ಇದೇ ಸೊಳ್ಳೆ.

ಹುಳು ಮೇಯಿಸುವವರು ಒಂದು ಜಾಗ ಮರೆತೇ ಮರೆಯುತ್ತಾರೆ: ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲಡಿ ಇಟ್ಟ ನೀರಿನ ಬಟ್ಟಲು. ಡ್ರಮ್ಮು ತಿಕ್ಕಿದ ನಾರಿನಲ್ಲೇ ಅವನ್ನೂ ಒಂದೊಂದಾಗಿ ಉಜ್ಜಿ ನೀರು ಬದಲಿಸಿ.