ಜಿಬ್ ಶೀಟಿನ ಕೋನ: ಕಾರ್ ಎಲ್ಲಿ ನಿಲ್ಲಬೇಕು?

ಜಿಬ್ ಶೀಟನ್ನು, ಅಂದರೆ ದೋಣಿಯ ಮುಂದಿನ ಹಾಯಿಯನ್ನು ಹತೋಟಿಯಲ್ಲಿಡುವ ಹಗ್ಗವನ್ನು, ಎಷ್ಟು ಎಳೆಯಬೇಕು ಎಂಬುದು ಹಾಯಿದೋಣಿ ಹತ್ತಿದ ಕೆಲವೇ ದಿನಗಳಲ್ಲಿ ಕೈಗೆ ಹತ್ತುತ್ತದೆ. ಅದನ್ನು ಯಾವ ಕೋನದಲ್ಲಿ ಎಳೆಯುತ್ತಿದ್ದೇವೆ ಎಂಬುದನ್ನು ಮಾತ್ರ ಬಹಳ ಜನ ನೋಡುವುದೇ ಇಲ್ಲ. ಗಾಳಿಗೆ ಎದುರಾಗಿ ಏರುವಾಗ ದೋಣಿ ಸೋಮಾರಿಯಾಗಿದೆ ಅನಿಸಿದರೆ ಮೊದಲು ನೋಡಬೇಕಾದ ಜಾಗ ಇದೇ.

ಹಾಯಿಯ ಹಿಂದಿನ ಕೆಳಮೂಲೆ, ಅಂದರೆ ಕ್ಲೂನಿಂದ ಹೊರಟ ಶೀಟ್, ಡೆಕ್ಕಿನ ಟ್ರ್ಯಾಕ್ ಮೇಲೆ ಜಾರುವ ಕಾರ್‌ನ ಬ್ಲಾಕ್ (ರಾಟೆ) ದಾಟಿ, ನಾವಿಕರು ಕೂರುವ ಕಾಕ್‌ಪಿಟ್‌ಗೆ ಬರುತ್ತದೆ. ಕಾರ್ ಮುಂದಕ್ಕೆ ಹೋದಷ್ಟೂ ಶೀಟ್ ಕೆಳಮುಖವಾಗಿ ಎಳೆಯುತ್ತದೆ. ಆಗ ಹಿಂಬದಿಯ ಅಂಚಾದ ಲೀಚ್ ಬಿಗಿಯಾಗುತ್ತದೆ, ಕೆಳಗಿನ ಅಂಚಾದ ಫುಟ್ ಸಡಿಲವಾಗಿ ಹೊಟ್ಟೆ ಬಿಡುತ್ತದೆ. ಕಾರ್ ಹಿಂದಕ್ಕೆ ಹೋದರೆ ಎಳೆತ ಹಿಮ್ಮುಖವಾಗಿ, ಫುಟ್ ಚಪ್ಪಟೆಯಾಗಿ, ಲೀಚ್‌ನ ಮೇಲ್ಭಾಗ ತಿರುಚಿಕೊಂಡು ಗಾಳಿಯನ್ನು ಬಿಟ್ಟುಬಿಡುತ್ತದೆ. ಒಂದೇ ಎಳೆತವನ್ನು ಈ ಎರಡು ಅಂಚುಗಳಿಗೆ ಹಂಚುವುದಷ್ಟೇ ಕಾರ್‌ನ ಕೆಲಸ.

ಕಾರ್ ಮುಟ್ಟುವ ಮುನ್ನ, ಹಾಯಿಯನ್ನು ಮೇಲೇರಿಸುವ ಹಗ್ಗವಾದ ಹಾಲ್ಯಾರ್ಡ್ ನೋಡಿ. ಮುಂದಿನ ಅಂಚಿನ, ಅಂದರೆ ಲಫ್‌ನ, ಅಡ್ಡ ಸುಕ್ಕುಗಳು ಮಾಯವಾಗುವ ಹಂತಕ್ಕೆ ಎಳೆದು ಕಟ್ಟಿ. ಹಾಲ್ಯಾರ್ಡ್ ಆಮೇಲೆ ಬದಲಾದರೆ ಕ್ಲೂನ ಎತ್ತರವೂ ಬದಲಾಗಿ ಮಾಡಿದ ಕೆಲಸವೆಲ್ಲ ವ್ಯರ್ಥ. ಗಾಳಿಯ ಹರಿವನ್ನು ತೋರಿಸುವ ನೂಲುಗಳಾದ ಟೆಲ್‌ಟೇಲ್‌ಗಳಿಲ್ಲದಿದ್ದರೆ ಅವನ್ನೂ ಈಗಲೇ ಅಂಟಿಸಿ: ಲಫ್‌ನ ಕಾಲು, ಅರ್ಧ, ಮುಕ್ಕಾಲು ಎತ್ತರಗಳಲ್ಲಿ, ಅಂಚಿನಿಂದ 15ರಿಂದ 20 ಸೆಂ.ಮೀ. ಹಿಂದೆ, ಹಾಯಿಯ ಎರಡೂ ಬದಿಗೆ, ಸುಮಾರು 15 ಸೆಂ.ಮೀ. ಉದ್ದದ ಉಣ್ಣೆ ನೂಲು. ಎರಡು ಬದಿಗೆ ಎರಡು ಬಣ್ಣ ಹಾಕಿದರೆ ಬಟ್ಟೆಯಾಚೆಯ ನೆರಳಿನಲ್ಲೂ ಯಾವುದು ಯಾವುದೆಂದು ತಿಳಿಯುತ್ತದೆ. ಹೊಲಿಗೆಯ ಸಮೀಪ ಬೇಡ. ನೂಲಿನ ತುದಿ ದಾರಕ್ಕೆ ಸಿಕ್ಕಿಕೊಂಡು ಸುಮ್ಮನೆ ನಿಂತುಬಿಟ್ಟರೆ, ಅಲ್ಲಿ ಗಾಳಿ ಸರಾಗವಾಗಿ ಹರಿಯುತ್ತಿದೆಯೆಂದು ನೀವು ಮೋಸಹೋಗುತ್ತೀರಿ.

ಮೊದಲ ಅಂದಾಜಿಗೆ ಕಣ್ಣಳತೆ ಸಾಕು. ಶೀಟ್ ಬಿಗಿಯಾಗಿರುವಾಗ, ಕಾರ್‌ನಿಂದ ಕ್ಲೂವರೆಗಿನ ಗೆರೆಯನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆಯಿರಿ. ಅದು ಲಫ್‌ನ ಹೆಚ್ಚುಕಡಿಮೆ ನಡುಮಟ್ಟಕ್ಕೆ ಮುಟ್ಟಬೇಕು. ತುಂಬ ಮೇಲೆ ಮುಟ್ಟಿದರೆ ಕಾರ್ ಮುಂದಿದೆ, ತುಂಬ ಕೆಳಗೆ ಮುಟ್ಟಿದರೆ ಹಿಂದಿದೆ. ಎರಡೂ ಬದಿಯ ಕಾರ್‌ಗಳನ್ನು ಟ್ರ್ಯಾಕಿನ ತೂತು ಎಣಿಸಿ ಹೊಂದಿಸಿದರೆ ಸಾಲದು, ಟ್ರ್ಯಾಕ್‌ಗಳನ್ನೇ ಹಿಂದುಮುಂದಾಗಿ ಕೂರಿಸಿರಬಹುದು. ಜಿಬ್‌ನ ಮುಂದಿನ ಕೆಳಮೂಲೆಯಿಂದ ಟೇಪ್ ಹಿಡಿದು ಎರಡೂ ಕಾರ್‌ಗಳಿಗೆ ಅಳೆಯಿರಿ.

ನಿಜವಾದ ಪರೀಕ್ಷೆ ನೀರಿನ ಮೇಲೆ. ಗಾಳಿ ಒಂದೇ ಸಮನೆ ಬೀಸುತ್ತಿರುವಾಗ, ಗಾಳಿಗೆ ಆದಷ್ಟು ಹತ್ತಿರವಾಗಿ ದೋಣಿ ನಡೆಸಿ, ಎಲ್ಲ ನೂಲುಗಳೂ ಹಿಂದಕ್ಕೆ ನೆಟ್ಟಗೆ ಹರಿಯುವಷ್ಟು ಶೀಟ್ ಕಟ್ಟಿ. ಈಗ ಶೀಟ್ ಮುಟ್ಟದೆ, ಚುಕ್ಕಾಣಿಯ ಹಿಡಿಕೆಯಾದ ಟಿಲ್ಲರ್‌ನಿಂದ ದೋಣಿಯನ್ನು ನಿಧಾನವಾಗಿ ಗಾಳಿಯ ಕಡೆಗೆ ತಿರುಗಿಸುತ್ತ ಹೋಗಿ. ಗಾಳಿ ಬರುವ ಬದಿಯ ಮೂರು ನೂಲುಗಳಲ್ಲಿ ಮೊದಲು ಎದ್ದು ಕುಣಿಯುವುದು ಯಾವುದು?

ಮೇಲಿನದು ಮೊದಲು ಎದ್ದರೆ ಹಾಯಿಯ ತಲೆ ಅತಿಯಾಗಿ ತಿರುಚಿಕೊಂಡಿದೆ, ಕಾರನ್ನು ಒಂದು ತೂತು ಮುಂದಕ್ಕೆ ತನ್ನಿ. ಕೆಳಗಿನದು ಮೊದಲು ಎದ್ದರೆ ಒಂದು ತೂತು ಹಿಂದಕ್ಕೆ. ಮೂರೂ ಒಟ್ಟಿಗೆ ಎದ್ದರೆ ಅಥವಾ ಮೇಲಿನದು ಕೂದಲೆಳೆಯಷ್ಟು ಮೊದಲು ಎದ್ದರೆ ಸರಿಯಾಗಿದೆ. ದೋಣಿಯ ಮೂತಿಯನ್ನು ಗಾಳಿಯ ಆಚೆಗೆ ತಿರುಗಿಸಿ, ಅಂದರೆ ಇನ್ನೊಂದು ಬದಿಗೆ ಟ್ಯಾಕ್ ಮಾಡಿ, ಮತ್ತೆ ಪರೀಕ್ಷಿಸಿ, ಆ ತೂತಿಗೆ ಟ್ರ್ಯಾಕಿನ ಪಕ್ಕ ಗುರುತು ಹಾಕಿ. ಇನ್ನು ಮುಂದೆ ನಿಮ್ಮ ಲೆಕ್ಕವೆಲ್ಲ ಆ ಗುರುತಿನಿಂದಲೇ.

ಭಾರ ಹೊತ್ತಿರುವ ಕಾರನ್ನು ತೂತಿನಲ್ಲಿ ಹಿಡಿದಿಡುವ ಪಿನ್ ಎತ್ತಬೇಡಿ. ಕಾರ್ ಒಮ್ಮೆಲೇ ಹಿಂದಕ್ಕೆ ಚಿಮ್ಮಿ ಬೆರಳನ್ನು ಜಜ್ಜುತ್ತದೆ. ಸುಮ್ಮನಿರುವ ಬದಿಯ ಕಾರನ್ನು ಸರಿಸಿ, ಟ್ಯಾಕ್ ಮಾಡಿ, ಆಮೇಲೆ ಇನ್ನೊಂದನ್ನು ಸರಿಸಿ.

ಗಾಳಿ ಜೋರಾಗಿ ದೋಣಿ ವಾಲತೊಡಗಿದರೆ ಕಾರನ್ನು ಗುರುತಿನಿಂದ ಒಂದೆರಡು ತೂತು ಹಿಂದಕ್ಕೆ ಒಯ್ಯಿರಿ. ಹಾಯಿಯ ಮೇಲ್ಭಾಗ ಗಾಳಿ ಬಿಡುತ್ತದೆ, ವಾಲಿಸುವ ಬಲ ಅಲ್ಲೇ ಹೆಚ್ಚಾದ್ದರಿಂದ ದೋಣಿ ತಾನೇ ನೆಟ್ಟಗಾಗುತ್ತದೆ. ಸಾಧಾರಣ ಗಾಳಿಯಿದ್ದು ಅಲೆಗಳು ಮಾತ್ರ ಕುಟ್ಟುತ್ತಿದ್ದರೆ ಒಂದು ತೂತು ಮುಂದಕ್ಕೆ, ಹೊಟ್ಟೆ ತುಂಬಿದ ಹಾಯಿ ಅಲೆಯನ್ನು ತಳ್ಳಿಕೊಂಡು ಹೋಗುತ್ತದೆ. ಉಸಿರಾಡಿದಷ್ಟೇ ಗಾಳಿಯಿರುವಾಗ ಕಾರಿನ ಗೊಡವೆಗೆ ಹೋಗದೆ ಶೀಟನ್ನೇ ಸ್ವಲ್ಪ ಬಿಡುವುದು ಮೇಲು. ಗಾಳಿ ಪಕ್ಕಕ್ಕೆ ಬಂದು ಶೀಟ್ ಬಿಟ್ಟಾಗ ಕ್ಲೂ ಮೇಲೆದ್ದು ಹೊರಗೆ ಹೋಗುತ್ತದೆ, ಆಗ ಕಾರ್ ಮುಂದಕ್ಕೂ ಸಾಧ್ಯವಾದರೆ ಹೊರಕ್ಕೂ ಬರಬೇಕು. ಹೊರಗೆ ಟ್ರ್ಯಾಕ್ ಇಲ್ಲದಿದ್ದರೆ ದೋಣಿಯ ಅಂಚಿಗೆ ಕಟ್ಟಿದ ಬ್ಲಾಕಿನ ಮೂಲಕ ಇನ್ನೊಂದು ಹಗ್ಗ ಹಾಕಿ ಕ್ಲೂ ಅನ್ನು ಹೊರಕ್ಕೆ ಎಳೆಯಬಹುದು.

ಇನ್ನೊಂದು ಕೋನ ಅಡ್ಡಡ್ಡಲಾಗಿದೆ: ಜಿಬ್‌ನ ಮುಂದಿನ ಕೆಳಮೂಲೆಯಿಂದ ಕಾರ್‌ವರೆಗಿನ ಗೆರೆ ದೋಣಿಯ ನಡುಗೆರೆಯೊಂದಿಗೆ ಮಾಡುವ ಕೋನ. ಚುರುಕಿನ ರೇಸಿಂಗ್ ದೋಣಿಗಳಲ್ಲಿ ಅದು 7ರಿಂದ 10 ಡಿಗ್ರಿ, ನಿಧಾನದ ಅಗಲ ದೋಣಿಗಳಲ್ಲಿ 10ರಿಂದ 12. ಅಳೆಯುವುದು ಸುಲಭ. ಆ ಮೂಲೆಯಿಂದ ನಡುಗೆರೆಯ ಉದ್ದಕ್ಕೆ 2 ಮೀಟರ್ ಹಿಂದೆ ಕಾರ್ ಇದ್ದರೆ, 8 ಡಿಗ್ರಿಗೆ ಅದು ನಡುಗೆರೆಯಿಂದ 28 ಸೆಂ.ಮೀ. ದೂರ, 10 ಡಿಗ್ರಿಗೆ 35 ಸೆಂ.ಮೀ. ತೀರ ಒಳಗೆ ಕಟ್ಟಿದರೆ ಜಿಬ್‌ನಿಂದ ಬಂದ ಗಾಳಿ ಮುಖ್ಯ ಹಾಯಿಯ ಬೆನ್ನಿಗೆ ಬಡಿದು, ಹಾಯಿಕಂಬದ, ಅಂದರೆ ಮಾಸ್ಟ್‌ನ, ಹಿಂದಿನ ಬಟ್ಟೆ ಒಳಕ್ಕೆ ಉಬ್ಬುತ್ತದೆ. ಕಾರ್ ತೀರ ಮುಂದಿದ್ದು ಲೀಚ್ ಮುಚ್ಚಿಕೊಂಡರೂ ಇದೇ ಆಗುತ್ತದೆ. ಹಾಗಾಗಿ ಟೆಲ್‌ಟೇಲ್ ಪರೀಕ್ಷೆ ಮುಗಿಸಿಯೇ ಒಳಹೊರಗಿನ ಕೋನಕ್ಕೆ ಕೈ ಹಾಕಿ.

ಮಾಸ್ಟ್ ಅನ್ನು ಹಿಂದಕ್ಕೆ ವಾಲಿಸಿದರೆ ಕ್ಲೂ ಕೆಳಗಿಳಿದು, ಕಾರನ್ನು ಹಿಂದಕ್ಕೆ ಒಯ್ದ ಪರಿಣಾಮವೇ ಆಗುತ್ತದೆ. ಅಂಥ ಸಂದರ್ಭದಲ್ಲಿ ಕಾರ್ ಮುಂದಕ್ಕೆ ಬರಬೇಕು. ಸುರುಳಿ ಸುತ್ತುವ ಜಿಬ್ ಅನ್ನು ಅರ್ಧ ಸುತ್ತಿದಾಗಲೂ ಹಾಗೆಯೇ, ಇದನ್ನು ಮರೆತವರ ಹಾಯಿಯ ಮೇಲ್ಭಾಗ ಪಟಪಟನೆ ಹೊಡೆದುಕೊಳ್ಳುತ್ತದೆ. ಆದರೆ ಫುಟ್, ಟೆಲ್‌ಟೇಲ್ ಎಲ್ಲ ಸರಿಯಿದ್ದೂ ಲೀಚ್‌ನ ಅಂಚು ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿದ್ದರೆ ಕಾರನ್ನು ಮುಟ್ಟಬೇಡಿ. ಅಂಚಿನೊಳಗಿನ ಲೀಚ್ ದಾರವನ್ನು ಆ ಸದ್ದು ನಿಲ್ಲುವಷ್ಟು ಮಾತ್ರ ಎಳೆದು ಕಟ್ಟಿ.